ಟ್ಯಾಬ್ ನಿಮ್ಮದು, ದಾರಿ ಯಾರದು?

ಗದಗ-ಬೆಟಗೇರಿಯ ಬೈಕ್ ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ಯಾವ ಬೈಕ್ ಒಳ್ಳೆಯದು ಅನ್ನೋ ಜಗಳ ತಣ್ಣಗಾಗಿದೆ. ಈಗಿನ ಪ್ರಶ್ನೆ ಬೇರೆ. ಹ್ಯಾಂಡಲ್ ಮೇಲೆ ಯಾವ ಟ್ಯಾಬ್ ಕೂರಿಸಬೇಕು? ಅದರೊಳಗೆ ಯಾವ ಮ್ಯಾಪ್ ಹಾಕಬೇಕು? ಭಾನುವಾರ ಬೆಳಗ್ಗೆ ಮುಂಡರಗಿ ರಸ್ತೆ ಹಿಡಿದು, ಡಂಬಳದ ಹತ್ತಿರ ಡಾಂಬರು ಬಿಟ್ಟು ಕಪ್ಪತಗುಡ್ಡದ ಕಡೆ ಹೊರಳುವವರಿದ್ದಾರೆ. ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯಿಂದ ಹೊಲದ ದಾರಿಗಳಲ್ಲಿ ಬರುವವರೂ ಇದ್ದಾರೆ. ನಾನೂ ಈ ದಾರಿಗಳಲ್ಲಿ ಓಡಾಡುವವನಾದ್ದರಿಂದ ಪ್ರಶ್ನೆ ನನಗೂ ಬರುತ್ತದೆ.

ಉತ್ತರ ಹೇಳ್ತೀನಿ. ಆದರೆ ಇದನ್ನು ಬರೀ ಶಾಪಿಂಗ್ ಪ್ರಶ್ನೆ ಅಂತ ನೋಡಿದರೆ ಮುಖ್ಯ ಮಾತು ತಪ್ಪಿಹೋಗುತ್ತದೆ. ಯಾವುದೇ ಆ್ಯಪ್‌ನ ಗೆರೆ ನಿಮಗೆ ಹೇಳೋದು ಇಷ್ಟೇ: ಇಲ್ಲಿ ಯಾರೋ ಒಂದಿನ ಹೋಗಿದ್ದರು, ಅಥವಾ ಉಪಗ್ರಹ ಚಿತ್ರದಲ್ಲಿ ದಾರಿಯ ಹಾಗೆ ಏನೋ ಕಂಡಿತ್ತು. ಅಲ್ಲಿ ಹೋಗುವ ಹಕ್ಕು ನಿಮಗಿದೆಯಾ, ಆ ದಾರಿ ಸಾರ್ವಜನಿಕವಾ, ಯಾರಾದರೂ ಅದನ್ನು ನುಂಗಿದ್ದಾರಾ ಎನ್ನುವುದನ್ನು ಅದು ಹೇಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಕಳೆದ ಹತ್ತು ವರ್ಷದ ದೊಡ್ಡ ಜಗಳಗಳು ಗೆರೆ ಎಲ್ಲಿ ಬೀಳಬೇಕು ಎಂಬುದರ ಮೇಲೆಯೇ ನಡೆದಿವೆ. ಹಾಗಿರುವಾಗ ಮ್ಯಾಪ್ ಆಯ್ಕೆ ರಾಜಕೀಯದ ಮಾತೂ ಹೌದು.

ಮೊದಲು ಟ್ಯಾಬ್

ಮೊದಲು ನೋಡಬೇಕಾದ್ದು ಜಿಪಿಎಸ್ ಚಿಪ್. ವೈ-ಫೈ ಮಾತ್ರ ಇರುವ ಐಪ್ಯಾಡ್‌ಗಳಲ್ಲಿ ಜಿಪಿಎಸ್ ಇರುವುದೇ ಇಲ್ಲ. ಸಿಮ್ ಸೌಲಭ್ಯದ ಮಾದರಿಗಳಲ್ಲಷ್ಟೇ ಇರುತ್ತದೆ. ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಮಾದರಿಗೊಂದು ಕಥೆ. ಅಂಗಡಿಯವರ ಬಾಯಿಮಾತು ನಂಬದೆ ಆ ಮಾದರಿಯ ವಿವರಪಟ್ಟಿ ಓದಿ. ಕೆಲವು ಡಬ್ಬಿಗಳ ಮೇಲೆ ನಾವಿಕ್ ಅಂತಲೂ ಬರೆದಿರುತ್ತದೆ. ಅದು ಇಸ್ರೋದ ಉಪಗ್ರಹ ವ್ಯವಸ್ಥೆ. ಇದ್ದರೆ ಸಂತೋಷ, ಅದೊಂದಕ್ಕಾಗಿ ಹೆಚ್ಚು ದುಡ್ಡು ಕೊಡಬೇಕಿಲ್ಲ.

"ಗುಡ್ಡದಾಗ ನೆಟ್‌ವರ್ಕೇ ಇಲ್ರೀ, ಜಿಪಿಎಸ್ ಹೆಂಗ ನಡೀತದ?" ಅಂತ ಕೇಳುವವರು ಬಹಳ. ನಡೀತದ. ಜಿಪಿಎಸ್ ಸಂಕೇತ ನೇರ ಉಪಗ್ರಹದಿಂದ ಬರುತ್ತದೆ, ಅದಕ್ಕೆ ಇಂಟರ್ನೆಟ್ ಬೇಡ. ಇಂಟರ್ನೆಟ್ ಬೇಕಾಗುವುದು ನಕ್ಷೆಯ ಚಿತ್ರಕ್ಕೆ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರೆ ಸಿಮ್ ಇಲ್ಲದೆಯೂ ನೀವು ಎಲ್ಲಿದ್ದೀರಿ ಅಂತ ಗೊತ್ತಾಗುತ್ತದೆ.

ಎರಡನೆಯದು ಬಿಸಿಲು. ಐಪ್ಯಾಡ್ ಬಳಸಲು ಆ್ಯಪಲ್ ಕಂಪನಿ ಹೇಳುವ ಗರಿಷ್ಠ ಹೊರತಾಪ 35 ಡಿಗ್ರಿ. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲು ಅದನ್ನು ಮಧ್ಯಾಹ್ನಕ್ಕೆ ಮೊದಲೇ ದಾಟುತ್ತದೆ. ಬಿಸಿಯಾದ ಟ್ಯಾಬ್ ತಾನೇ ಪರದೆಯ ಬೆಳಕು ತಗ್ಗಿಸುತ್ತದೆ. ನಿಮಗೆ ಬೆಳಕು ಬೇಕಾಗುವುದೂ ಆಗಲೇ. ಆದ್ದರಿಂದ ಪರದೆಯ ಬೆಳಕಿನ ಪ್ರಮಾಣ, ಅಂದರೆ ನಿಟ್ಸ್ ಎಷ್ಟು ಅಂತ ನೋಡಿ. ಧೂಳು ಮತ್ತು ನೀರಿಗೆ ಐಪಿ68 ಗುರುತು ಇರಲಿ. ಅದರಲ್ಲಿ 6 ಧೂಳಿನ ಅಂಕ, 8 ನೀರಿನ ಅಂಕ. ಸ್ಯಾಮ್ಸಂಗ್‌ನ ಗ್ಯಾಲಕ್ಸಿ ಟ್ಯಾಬ್ ಆ್ಯಕ್ಟಿವ್ ಸರಣಿಯಂಥವು ಇಂಥ ಕೆಲಸಕ್ಕೆಂದೇ ಮಾಡಿದವು: ಬ್ಯಾಟರಿ ಕಳಚಿ ಬದಲಿಸಬಹುದು, ಕೈಗವಸು ಹಾಕಿಕೊಂಡೂ ಒತ್ತಬಹುದು. ಬೆಲೆ ಮಾತ್ರ ಸಾಮಾನ್ಯ ಟ್ಯಾಬ್‌ಗಿಂತ ಬಹಳ ಜಾಸ್ತಿ.

ಮೂರನೆಯದು ನಡುಕ. ಬೈಕಿನ ಇಂಜಿನ್ ನಡುಕದಿಂದ ಐಫೋನ್ ಕ್ಯಾಮೆರಾ ಹಾಳಾಗಬಹುದು ಅಂತ 2021ರಲ್ಲಿ ಆ್ಯಪಲ್ಲೇ ಎಚ್ಚರಿಸಿತ್ತು. ನಡುಕ ತಡೆಯುವ ಹಿಡಿಕೆ ಇಲ್ಲದೆ ಒಳ್ಳೆಯ ಫೋನನ್ನು ಹ್ಯಾಂಡಲ್‌ಗೆ ಕಟ್ಟಬೇಡಿ.

ನನ್ನ ಅಭಿಪ್ರಾಯ: ಬೈಕಿನವರಿಗೆ ಟ್ಯಾಬೇ ಬೇಡ. ಮನೆಯ ಮೂಲೆಯಲ್ಲಿ ಬಿದ್ದಿರುವ ಹಳೇ ಆಂಡ್ರಾಯ್ಡ್ ಫೋನ್, ಒಂದು ಗಟ್ಟಿ ಹಿಡಿಕೆ, ಒಂದು ಪವರ್ ಬ್ಯಾಂಕ್ ಸಾಕು. ಜೀಪಿನವರಿಗೆ, ಹೊಲ ಅಳೆಯುವವರಿಗೆ, ಗುಡ್ಡದ ದಾಖಲಾತಿ ಮಾಡುವ ಗುಂಪುಗಳಿಗೆ 8 ಇಂಚಿನ ಟ್ಯಾಬ್ ಅನುಕೂಲ. ಉಳಿದ ದುಡ್ಡಿಗೆ ಬೇರೆ ಕೆಲಸವಿದೆ.

ಮ್ಯಾಪ್ ಯಾರ ಮನೆಯದು?

ಗೂಗಲ್ ಮ್ಯಾಪ್ ಹೆದ್ದಾರಿಗೆ ಚೆನ್ನ. ಅದನ್ನೂ ಆಫ್‌ಲೈನ್ ಇಳಿಸಿಕೊಳ್ಳಬಹುದು, ಆದರೆ ನಡೆದು ಹೋಗುವ ದಾರಿಯ ಮಾರ್ಗದರ್ಶನ ಆಫ್‌ಲೈನ್‌ನಲ್ಲಿ ಸಿಗುವುದಿಲ್ಲ. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ ಪೂರ್ತಿಯಾಗದ ಸೇತುವೆಯಿಂದ ಕಾರು ನದಿಗೆ ಬಿದ್ದು ಮೂವರು ಸತ್ತರು. ಮರುತಿಂಗಳೇ ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಿನಲ್ಲಿ, ಗೋವಾಕ್ಕೆ ಹೊರಟಿದ್ದ ಬಿಹಾರದ ಕುಟುಂಬವೊಂದು ಮ್ಯಾಪ್ ತೋರಿಸಿದ ಅಡ್ಡದಾರಿ ಹಿಡಿದು, ನೆಟ್‌ವರ್ಕ್ ಇಲ್ಲದೆ ರಾತ್ರಿಯಿಡೀ ಕಾರಿನಲ್ಲೇ ಕಳೆಯಿತು. ಎರಡೂ ಕಡೆ ಆ್ಯಪ್‌ನ ಗೆರೆ ಇತ್ತು. ನೆಲದ ಮೇಲೆ ಏನಿದೆ ಎಂಬ ಮಾಹಿತಿ ಇರಲಿಲ್ಲ.

ಹಳ್ಳಿ ದಾರಿಗಳಿಗೆ ನನ್ನ ಆಯ್ಕೆ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ಆ್ಯಪ್‌ಗಳು. 2004ರಲ್ಲಿ ಶುರುವಾದ ಈ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು, ಯಾರು ಬೇಕಾದರೂ ಬಳಸಬಹುದು. ಓಸ್ಮ್ಆ್ಯಂಡ್, ಆರ್ಗ್ಯಾನಿಕ್ ಮ್ಯಾಪ್ಸ್, ಕೋಮ್ಯಾಪ್ಸ್ ಮೂರೂ ಇದನ್ನೇ ತೋರಿಸುತ್ತವೆ. ಇಡೀ ಕರ್ನಾಟಕದ ನಕ್ಷೆ ಒಂದು ಸಿನಿಮಾಕ್ಕಿಂತ ಕಡಿಮೆ ಜಾಗ ಹಿಡಿಯುತ್ತದೆ. ಹೋದ ದಾರಿಯನ್ನು ಜಿಪಿಎಕ್ಸ್ ಫೈಲ್ ಆಗಿ ಉಳಿಸಿ ಇನ್ನೊಬ್ಬರಿಗೆ ಕಳಿಸಬಹುದು. ಗುಂಪಾಗಿ ದಾಖಲೆ ಮಾಡುವವರಿಗೆ ಕ್ಯೂಫೀಲ್ಡ್ ಇದೆ, ಅದೂ ಪುಕ್ಕಟೆ.

ಆದರೆ ಪುಕ್ಕಟೆ ಅಂದ ಮಾತ್ರಕ್ಕೆ ಮಾಲೀಕರಿಲ್ಲ ಅಂತಲ್ಲ. ಮ್ಯಾಪ್ಸ್.ಮಿ ಎಂಬ ಜನಪ್ರಿಯ ಆಫ್‌ಲೈನ್ ಆ್ಯಪ್ 2020ರಲ್ಲಿ ಕೈಬದಲಾಯಿತು. ಅದನ್ನು ಮೊದಲು ಕಟ್ಟಿದವರೇ ಹೊರಬಂದು ಆರ್ಗ್ಯಾನಿಕ್ ಮ್ಯಾಪ್ಸ್ ಮಾಡಿದರು. 2025ರಲ್ಲಿ ಅದರ ಆಡಳಿತದ ಬಗ್ಗೆ ತಕರಾರು ಎದ್ದು, ಕೊಡುಗೆ ನೀಡುತ್ತಿದ್ದವರಲ್ಲಿ ಒಂದು ಗುಂಪು ಕೋಮ್ಯಾಪ್ಸ್ ಅಂತ ಬೇರೆಯಾಯಿತು. ಎರಡು ಸಲ ಮನೆ ಒಡೆದರೂ ನಕ್ಷೆ ಉಳಿಯಿತು, ಯಾಕೆಂದರೆ ನಕ್ಷೆ ಆ್ಯಪ್‌ನವರ ಸ್ವತ್ತಾಗಿರಲಿಲ್ಲ. ಗೂಗಲ್‌ನ ಮ್ಯಾಪ್ ಮೇಕರ್‌ಗೆ ನಮ್ಮ ದೇಶದ ಸಾವಿರಾರು ಸ್ವಯಂಸೇವಕರು ಊರು, ಓಣಿ ಬರೆದುಕೊಟ್ಟಿದ್ದರು. 2017ರಲ್ಲಿ ಕಂಪನಿ ಅದನ್ನು ಮುಚ್ಚಿತು. ಅವರು ಬರೆದದ್ದು ಕಂಪನಿಯ ಬಳಿಯೇ ಉಳಿಯಿತು. ಆ್ಯಪ್ ಆರಿಸುವಾಗ ಕೇಳಬೇಕಾದ ಪ್ರಶ್ನೆ ಇದು: ನಾನು ಸೇರಿಸಿದ ದಾರಿ ನಾಳೆ ನನ್ನ ಊರಿಗೆ ಸಿಗುತ್ತದಾ?

ಇನ್ನೊಂದು ಪ್ರಶ್ನೆ ಕನ್ನಡದ್ದು. ಗುಡ್ಡದ ಬುಡದಲ್ಲಿ ಡೋಣಿ ಅಂತ ಊರಿದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಅದನ್ನು ದೋಣಿ ಅಂತಲೂ ಓದಬಹುದು. ಬಯಲುಸೀಮೆಯ ಊರು ನೀರಿನ ಮೇಲೆ ತೇಲತೊಡಗುತ್ತದೆ! ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ತಿರುಳ್ಗನ್ನಡದ ಸೀಮೆ ಅಂತ ಕವಿರಾಜಮಾರ್ಗ ಗುರುತಿಸಿದ ನಾಲ್ಕು ಊರುಗಳಲ್ಲಿ ಅದೂ ಒಂದು. ಆ ಸೀಮೆಯ ಹಳ್ಳ, ದಿನ್ನೆ, ಗುಡಿಗಳ ಹೆಸರು ಕನ್ನಡದಲ್ಲಿ ಕಾಣದಿದ್ದರೆ ಏನು ಚಂದ? ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಪ್ರತಿ ಜಾಗಕ್ಕೂ ಕನ್ನಡ ಹೆಸರಿಗೆಂದೇ ಪ್ರತ್ಯೇಕ ಜಾಗವಿದೆ. ತುಂಬಬೇಕಾದವರು ನಾವು.

ಗೆರೆ ಎಳೆಯುವ ಹಕ್ಕು

ಹೀಗೆ ಮನಸ್ಸಿಗೆ ಬಂದಂತೆ ನಕ್ಷೆ ಬರೆಯುವುದು ನಮ್ಮ ದೇಶದಲ್ಲಿ ಮೊದಲಿನಿಂದಲೂ ಸಲೀಸಾಗಿರಲಿಲ್ಲ. 2013ರಲ್ಲಿ ಗೂಗಲ್ ನಡೆಸಿದ ಮ್ಯಾಪಥಾನ್ ಸ್ಪರ್ಧೆಯ ವಿರುದ್ಧ ಸರ್ವೆ ಆಫ್ ಇಂಡಿಯಾ ದೂರು ಕೊಟ್ಟಿತ್ತು, ವಿಷಯ ಸಿಬಿಐವರೆಗೆ ಹೋಯಿತು. 2016ರಲ್ಲಿ ಕೇಂದ್ರ ಸರ್ಕಾರ ಭೂಪ್ರಾದೇಶಿಕ ಮಾಹಿತಿ ನಿಯಂತ್ರಣ ಮಸೂದೆಯ ಕರಡು ತಂದಿತು. ದೇಶದ ಗಡಿ ತಪ್ಪಾಗಿ ತೋರಿಸಿದರೆ 100 ಕೋಟಿ ರೂಪಾಯಿವರೆಗೆ ದಂಡ, 7 ವರ್ಷದವರೆಗೆ ಜೈಲು ಅದರಲ್ಲಿತ್ತು. ನಕ್ಷೆಯ ಮಾಹಿತಿ ಸಂಗ್ರಹಿಸಲು, ಹಂಚಲು ಅನುಮತಿ ಬೇಕು ಅಂತಲೂ ಇತ್ತು. ವಿರೋಧ ಬಂತು, ಕರಡು ಕಾಯ್ದೆಯಾಗಲಿಲ್ಲ.

2021ರ ಫೆಬ್ರವರಿ 15ರಂದು ಗಾಳಿ ತಿರುಗಿತು. ಹೊಸ ಮಾರ್ಗಸೂಚಿಯ ಪ್ರಕಾರ ಭಾರತೀಯರು ಮತ್ತು ಭಾರತೀಯ ಸಂಸ್ಥೆಗಳು ನಕ್ಷೆ ಮಾಡಲು ಮುಂಗಡ ಅನುಮತಿ ಬೇಡ ಎಂದಾಯಿತು. 2022ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಭೂಪ್ರಾದೇಶಿಕ ನೀತಿಯೂ ಬಂತು. ಈ ಬಾಗಿಲಿನಿಂದ ಮೊದಲು ಒಳಗೆ ಹೋದವರು ಕಂಪನಿಗಳು. ಡೆಲಿವರಿ, ಕ್ಯಾಬ್, ಡ್ರೋನ್ ಧಂದೆಗೆ ಅನುಕೂಲವಾಯಿತು, ಆಗಲಿ. ಆದರೆ ಅದೇ ಬಾಗಿಲು ಶಿರಹಟ್ಟಿಯ ಡಿಗ್ರಿ ಕಾಲೇಜಿನ ಹುಡುಗಿಗೂ ತೆರೆದಿದೆ. ತನ್ನ ಊರಿನ ಬಂಡಿದಾರಿಯನ್ನು ನಕ್ಷೆಗೆ ಸೇರಿಸಲು ಅವಳು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ. ಇದು ದೊಡ್ಡ ಹಕ್ಕು, ನಾವು ಇದನ್ನು ಬಹುಮಟ್ಟಿಗೆ ಬಳಸಿಯೇ ಇಲ್ಲ.

ಒಂದೇ ಗುಡ್ಡ, ಮೂರು ಗೆರೆ

ಈಗ ಕಪ್ಪತಗುಡ್ಡಕ್ಕೆ ಬರೋಣ. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ನಡುವೆ ಹಬ್ಬಿರುವ ಈ ಗುಡ್ಡವನ್ನು 2015ರ ಡಿಸೆಂಬರ್‌ನಲ್ಲಿ ಸಂರಕ್ಷಿತ ಮೀಸಲು ಪ್ರದೇಶ ಅಂತ ಘೋಷಿಸಿದರು. 2016ರ ನವೆಂಬರ್‌ನಲ್ಲಿ ಅದೇ ಸರ್ಕಾರ ಹಿಂತೆಗೆದುಕೊಂಡಿತು. ಕೆಳಗೆ ಚಿನ್ನದ ಅದಿರಿತ್ತು, ಮೇಲೆ ಜನ ಇದ್ದರು. ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತ ಹೋರಾಟದ ನಂತರ 2017ರ ಏಪ್ರಿಲ್‌ನಲ್ಲಿ ಆ ಸ್ಥಾನ ಮರಳಿ ಬಂತು. 2019ರ ಮೇ ತಿಂಗಳಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿ ಧಾಮವಾಯಿತು. ಗುಡ್ಡ ಇದ್ದಲ್ಲೇ ಇತ್ತು, ಗೆರೆ ಮಾತ್ರ ಬಂತು, ಹೋಯಿತು, ಮತ್ತೆ ಬಂತು.

ಬೈಕ್ ಹತ್ತುವ ಮೊದಲು ತಿಳಿದಿರಬೇಕಾದ್ದು ಇದು. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ 27ನೇ ಕಲಮಿನ ಪ್ರಕಾರ ಧಾಮದೊಳಗೆ ಯಾರು ಬೇಕಾದರೂ ಹೋಗುವಂತಿಲ್ಲ. ಕರ್ತವ್ಯದ ಮೇಲಿರುವ ಸರ್ಕಾರಿ ನೌಕರರು, ಪರವಾನಗಿ ಪಡೆದವರು, ಒಳಗೆ ಆಸ್ತಿಯ ಹಕ್ಕಿರುವವರು, ಇವರೆಲ್ಲರ ಅವಲಂಬಿತರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು ಮಾತ್ರ ಹೋಗಬಹುದು. 28ನೇ ಕಲಂ ಅಧ್ಯಯನ, ಛಾಯಾಗ್ರಹಣ, ಪ್ರವಾಸ ಮುಂತಾದ ಕಾರಣಕ್ಕೆ ಪರವಾನಗಿ ಕೊಡಲು ಅವಕಾಶ ಕೊಡುತ್ತದೆ. ಗುಡಿಗೆ ಹೋಗುವ ಡಾಂಬರು ರಸ್ತೆ ಬೇರೆ, ಆ್ಯಪ್‌ನಲ್ಲಿ ಚುಕ್ಕೆಚುಕ್ಕೆಯಾಗಿ ಕಾಣುವ ಟ್ರೇಲ್ ಬೇರೆ. ಆ್ಯಪ್ ಎರಡನ್ನೂ ಒಂದೇ ಪರದೆಯ ಮೇಲೆ ತೋರಿಸುತ್ತದೆ, ಕಾಯ್ದೆ ಎರಡನ್ನೂ ಬೇರೆಬೇರೆಯಾಗಿ ನೋಡುತ್ತದೆ.

ಇದು ಅರಣ್ಯದ ಗೆರೆ. ಎರಡನೆಯದು ಕಂದಾಯದ ಗೆರೆ. ಪ್ರತಿ ಊರಿಗೂ ಗ್ರಾಮ ನಕಾಶೆ ಇದೆ. ಅದರಲ್ಲಿ ಎರಡು ಸಾಲು ಚುಕ್ಕೆ ಇದ್ದರೆ ಬಂಡಿದಾರಿ, ಒಂದು ಸಾಲು ಇದ್ದರೆ ಕಾಲುದಾರಿ. ಕಚೇರಿಗಳಲ್ಲಿ "ನಕಾಶೆ ಕಂಡ ದಾರಿ" ಅನ್ನುವುದು ಇದಕ್ಕೇ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 67ನೇ ಕಲಂ ಸಾರ್ವಜನಿಕ ರಸ್ತೆ, ಓಣಿ, ಹಾದಿಗಳು ಸರ್ಕಾರದ ಸ್ವತ್ತು ಅನ್ನುತ್ತದೆ. ಅಂದರೆ ಅವುಗಳ ಮೇಲೆ ರೆಂಟೆ ಹೊಡೆದು ಜೋಳ ಬಿತ್ತಿದರೂ, ತಂತಿಬೇಲಿ ಹಾಕಿದರೂ ದಾರಿ ದಾರಿಯೇ. ಹಳ್ಳಿಗಳಲ್ಲಿ ದಾರಿಗಾಗಿ ನಡೆಯುವ ಜಗಳ ಎಷ್ಟು ಕಹಿ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಹಿಂದಿನ ಬದುವಿನವರು ಬಂಡಿ ಬಿಡದಿದ್ದರೆ ಒಂದೂವರೆ ಎಕರೆಯವರು ಬೆಳೆದ ಶೇಂಗಾ ಹೊಲದಲ್ಲೇ ಕೊಳೆಯುತ್ತದೆ. ದುಡ್ಡಿದ್ದವರು ಕೋರ್ಟಿಗೆ ಹೋಗುತ್ತಾರೆ, ಇಲ್ಲದವರು ಹೊಲ ಮಾರುತ್ತಾರೆ.

ಈ ಗ್ರಾಮ ನಕಾಶೆಗಳನ್ನು ಭೂದಾಖಲೆಗಳ ಇಲಾಖೆಯ ಜಾಲತಾಣದಿಂದ ಪಿಡಿಎಫ್ ಆಗಿ ಇಳಿಸಿಕೊಳ್ಳಬಹುದು. ಸರ್ಕಾರದ ದಿಶಾಂಕ್ ಆ್ಯಪ್ ನೀವು ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ಹುಡುಕುವಾಗ ಒಂದು ಮಾತು ನೆನಪಿರಲಿ: ಲಕ್ಷ್ಮೇಶ್ವರ ಪ್ರತ್ಯೇಕ ತಾಲ್ಲೂಕಾಗಿದ್ದು ಈಚೆಗೆ, ಗದಗ ಜಿಲ್ಲೆಯಾಗಿದ್ದೇ 1997ರಲ್ಲಿ. ಅದಕ್ಕೂ ಹಿಂದೆ, 1948ರವರೆಗೆ, ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿತ್ತು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿತ್ತು, ಗದಗ ಮುಂಬೈ ಪ್ರಾಂತ್ಯದಲ್ಲಿತ್ತು. ಹಾಗಾಗಿ ಹಳೆಯ ತಾಲ್ಲೂಕಿನ ಹೆಸರಲ್ಲೂ ಹುಡುಕಿ ನೋಡಿ.

ಮೂರನೆಯದು ಆ್ಯಪ್‌ನ ಗೆರೆ. ಅರಣ್ಯದ ಗೆರೆ ಅಪ್ಪಣೆ ಕೇಳುತ್ತದೆ, ಕಂದಾಯದ ಗೆರೆ ಹಕ್ಕು ಕೊಡುತ್ತದೆ, ಆ್ಯಪ್‌ನ ಗೆರೆ ಸುಳಿವು ಕೊಡುತ್ತದೆ. ನಾವು ದಿನಾ ನೋಡುವುದು ಬಲವಿಲ್ಲದ ಈ ಮೂರನೆಯದನ್ನೇ.

ಉಪಗ್ರಹಕ್ಕೆ ಕಾಣದ್ದು

ಓಪನ್‌ಸ್ಟ್ರೀಟ್‌ಮ್ಯಾಪ್‌ನ ಬಹಳಷ್ಟು ದಾರಿಗಳನ್ನು ಎಲ್ಲೋ ಕೂತವರು ಉಪಗ್ರಹ ಚಿತ್ರ ನೋಡಿ ಬರೆದಿರುತ್ತಾರೆ. ಚಿತ್ರದಲ್ಲಿ ಎದ್ದು ಕಾಣುವುದು ಅಗಲವಾದದ್ದು, ಬೆಳ್ಳಗಿರುವುದು. ಗಾಳಿಯಂತ್ರ ಸಾಗಿಸಲು ಗುಡ್ಡದ ನೆತ್ತಿಗೆ ಕೊರೆದ ರಸ್ತೆ ಕಾಣುತ್ತದೆ, ಕಲ್ಲುಗಣಿಗೆ ಲಾರಿ ಓಡಾಡುವ ದಾರಿ ಕಾಣುತ್ತದೆ. ಕುರಿಗಾರರು ತಲೆಮಾರಿನಿಂದ ನಡೆದ ಕಾಲುದಾರಿ ಹುಲ್ಲಿನಲ್ಲಿ ಮುಚ್ಚಿರುತ್ತದೆ. ಹೀಗೆ ಬಂಡವಾಳ ಹಾಕಿದವರ ರಸ್ತೆ ತಾನಾಗಿ ನಕ್ಷೆ ಸೇರುತ್ತದೆ, ಜನರ ದಾರಿಯನ್ನು ಯಾರಾದರೂ ನಡೆದೇ ಸೇರಿಸಬೇಕಾಗುತ್ತದೆ.

ನೆಲದ ಗುಣವೂ ಹೀಗೇ. ಪರದೆಯ ಮೇಲೆ ಎರೆಹೊಲದ ದಾರಿಗೂ ಮಸಾರಿ ಹೊಲದ ದಾರಿಗೂ ಒಂದೇ ಬಣ್ಣ. ಒಂದು ಒಳ್ಳೆಯ ಮಳೆಯಾದ ಮೇಲೆ ಎರೆಮಣ್ಣಿಗೆ ಇಳಿದರೆ ಮಡ್‌ಗಾರ್ಡಿನೊಳಗೆ ಮಣ್ಣು ಮೆತ್ತಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಮಸಾರಿಯಲ್ಲಾದರೆ ಅರ್ಧ ದಿನದಲ್ಲಿ ಹಾದಿ ಆರುತ್ತದೆ. ಇದನ್ನು ಹೇಳಲು ನಕ್ಷೆಯಲ್ಲಿ ದಾರಿಯ ಮೇಲ್ಮೈ ಬರೆಯುವ ಜಾಗವಿದೆ, ಯಾರೂ ತುಂಬಿಲ್ಲದಿದ್ದರೆ ಅದು ಖಾಲಿ. ಹರದಾರಿ, ಕೂಗಳತೆ ಎಂದು ದೂರ ಅಳೆಯುತ್ತಿದ್ದ ಹಿರಿಯರಿಗೆ ಯಾವ ಹಳ್ಳ ಯಾವಾಗ ತುಂಬುತ್ತದೆ ಅಂತಲೂ ಗೊತ್ತು. ಆ ತಿಳಿವಳಿಕೆ ಯಾವ ಕಂಪನಿಯ ಸರ್ವರ್‌ನಲ್ಲೂ ಇಲ್ಲ, ಕಟ್ಟೆಯ ಮೇಲಿದೆ.

ಬರೆಯಬಾರದ್ದೂ ಇದೆ

ಒಂದು ತಕರಾರು ನ್ಯಾಯವಾದದ್ದು: ದಾರಿಗಳನ್ನೆಲ್ಲ ನಕ್ಷೆಗೆ ಹಾಕಿದರೆ ಬೈಕಿನ ಹಿಂಡು ಗುಡ್ಡಕ್ಕೆ ನುಗ್ಗುವುದಿಲ್ಲವೇ? ನುಗ್ಗಬಹುದು. ಸ್ಟ್ರಾವಾ ಎಂಬ ವ್ಯಾಯಾಮದ ಆ್ಯಪ್ 2017ರಲ್ಲಿ ಹಾಕಿದ ತನ್ನ ಬಳಕೆದಾರರ ಓಡಾಟದ ನಕ್ಷೆಯಿಂದ 2018ರಲ್ಲಿ ಸೇನಾ ನೆಲೆಗಳ ಒಳದಾರಿಗಳೇ ಬಯಲಾಗಿದ್ದವು. ಕಪ್ಪತಗುಡ್ಡದಲ್ಲಿ ತೋಳ, ಕತ್ತೆಕಿರುಬ ಇವೆ, ಔಷಧಿ ಗಿಡಗಳಿವೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, 2024ರಲ್ಲಿ ಅದು ರಾಮ್ಸಾರ್ ತಾಣವೂ ಆಯಿತು. ತೋಳದ ಗವಿ, ಹಕ್ಕಿ ಇಳಿಯುವ ದಂಡೆ, ಬೇರು ಕೀಳುವವರಿಗೆ ಬೇಕಾದ ಗಿಡದ ಜಾಗ ಇವನ್ನು ಜಿಪಿಎಕ್ಸ್ ಮಾಡಿ ಹಂಚುವುದು ದ್ರೋಹ.

ಹಾಗಂತ ದಾರಿಯನ್ನೇ ಬಚ್ಚಿಡುವುದು ಪರಿಹಾರವಲ್ಲ. ಬಚ್ಚಿಟ್ಟ ದಾರಿ ಯಾರಿಗೆ ಬೇಕೋ ಅವರಿಗೆ ಗೊತ್ತೇ ಇರುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಪ್ರತಿ ದಾರಿಗೂ ಪ್ರವೇಶ ಮುಕ್ತ, ಪರವಾನಗಿ ಬೇಕು, ಪ್ರವೇಶವಿಲ್ಲ ಅಂತ ಬರೆಯಬಹುದು. ಧಾಮದೊಳಗಿನ ದಾರಿ ಕಂಡರೆ ಅಳಿಸಬೇಡಿ, ಪರವಾನಗಿ ಬೇಕು ಅಂತ ಬರೆಯಿರಿ. ನಕ್ಷೆ ಕಾವಲುಗಾರನ ಕೆಲಸವನ್ನೂ ಮಾಡಬಲ್ಲದು. ಧಾಮದ ಸುತ್ತ ಪರಿಸರ ಸೂಕ್ಷ್ಮ ವಲಯ ಎಷ್ಟು ಅಗಲ ಇರಬೇಕು ಎಂಬ ಜಗಳದಲ್ಲಿ ಒಂದು ಕಲ್ಲುಗಣಿ ಗೆರೆಯಿಂದ ಎಷ್ಟು ದೂರ ಅನ್ನುವುದೇ ಮುಖ್ಯ. ಅದನ್ನು ಅಳೆಯುವ ಸಾಧನ ಗಣಿ ಮಾಲೀಕರ ಇಂಜಿನಿಯರ್ ಬಳಿ ಮಾತ್ರ ಇದ್ದರೆ ವಾದ ಮೊದಲೇ ಸೋತಂತೆ.

ಏನು ಕೇಳಬೇಕು

ಸರ್ಕಾರಕ್ಕೆ ನನ್ನ ಬೇಡಿಕೆ ಮೂರು. ಒಂದು, ಗ್ರಾಮ ನಕಾಶೆಗಳ ಬಂಡಿದಾರಿ, ಕಾಲುದಾರಿಗಳನ್ನು ಆ್ಯಪ್‌ಗೆ ಹಾಕಬಹುದಾದ ಡಿಜಿಟಲ್ ಗೆರೆಗಳಾಗಿ, ಯಾರು ಬೇಕಾದರೂ ಬಳಸಬಹುದಾದ ಮುಕ್ತ ಪರವಾನಗಿಯಲ್ಲಿ ಕೊಡಲಿ. ಎರಡು, ಅರಣ್ಯ ಇಲಾಖೆ ಧಾಮದ ಗಡಿ ಮತ್ತು ಪರವಾನಗಿ ಸಿಗುವ ದಾರಿಗಳ ಫೈಲನ್ನು ಬಹಿರಂಗವಾಗಿ ಇಡಲಿ. ಚಾರಣದ ಬುಕಿಂಗ್‌ಗೆ ಅರಣ್ಯ ವಿಹಾರ ಎಂಬ ಜಾಲತಾಣ ಮಾಡಿದವರಿಗೆ ಇದು ಹೊರೆಯಲ್ಲ. ಮೂರು, ನಕಾಶೆ ಕಂಡ ದಾರಿ ಒತ್ತುವರಿಯಾದರೆ ಫೋಟೊ ಮತ್ತು ಜಿಪಿಎಸ್ ಗುರುತಿನೊಂದಿಗೆ ಬರುವ ದೂರನ್ನು ತಹಶೀಲ್ದಾರ್ ಕಚೇರಿ ಅರ್ಜಿಯಾಗಿ ಸ್ವೀಕರಿಸಲಿ.

ನಮ್ಮ ಕೆಲಸ ಇದಕ್ಕಿಂತ ಸಣ್ಣದು, ಕಾಯಬೇಕಿಲ್ಲ. ನಿಮ್ಮ ಊರಿನ ಗ್ರಾಮ ನಕಾಶೆ ಇಳಿಸಿಕೊಳ್ಳಿ, ಗದಗಿನ ಯಾವುದಾದರೂ ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಹಾಳೆಯ ಮೇಲೆ ಮುದ್ರಿಸಿ. ಟ್ಯಾಬ್‌ನಲ್ಲಿ ಉಳಿಸಿದ ದುಡ್ಡು ಇದಕ್ಕೆ. ಒಬ್ಬ ಹಿರಿಯರನ್ನು ಕರೆದುಕೊಂಡು ಒಂದು ಬಂಡಿದಾರಿಯನ್ನು ಪೂರ್ತಿ ನಡೆಯಿರಿ, ಫೋನ್ ಅದನ್ನು ದಾಖಲಿಸಲಿ. ಎಲ್ಲಿ ಬೇಲಿ ಅಡ್ಡ ಬಂತು, ಎಲ್ಲಿ ಹರಗಿ ಬಿತ್ತಿದ್ದಾರೆ, ಯಾವ ಹಳ್ಳಕ್ಕೆ ಏನು ಹೆಸರು ಎಂಬುದನ್ನು ಬರೆದುಕೊಳ್ಳಿ. ಹೆಸರುಗಳನ್ನು ಕನ್ನಡದಲ್ಲಿ ನಕ್ಷೆಗೆ ಸೇರಿಸಿ. ಒತ್ತುವರಿ ಕಂಡರೆ ನಕಾಶೆಯ ಪ್ರತಿ ಲಗತ್ತಿಸಿ ಅರ್ಜಿ ಕೊಡಿ, ಸ್ವೀಕೃತಿ ಇಸ್ಕೊಳ್ಳಿ.

ಒಂದು ಸಣ್ಣ ಊರಿನ ಎಲ್ಲ ದಾರಿ ನಡೆಯಲು ನಾಲ್ಕೈದು ಭಾನುವಾರ ಸಾಕು. ಅಷ್ಟು ಮಾಡಿದ ಮೇಲೆ ಯಾವ ಟ್ಯಾಬ್ ಬೇಕು ಅಂತ ನನ್ನನ್ನು ಕೇಳಬೇಕಾಗಿಲ್ಲ, ನಿಮಗೇ ಗೊತ್ತಿರುತ್ತದೆ.